ಮುಲ್ಲಾನ ಆಯ, ಮೌಲವಿಯ ಚಂದಾ: ಕೊಲ್ಹಾಪುರ ಗಡಿಯಲ್ಲಿ ಇಸ್ಲಾಂ ಸುಧಾರಣೆ ನಡೆದ ದಾರಿ

ಗಡಹಿಂಗ್ಲಜ: ಕೊಲ್ಹಾಪುರ ನಗರಕ್ಕೆ ಹೊಂದಿಕೊಂಡಿರುವ ಶಿಂಗಣಾಪುರ ಗ್ರಾಮ ಪಂಚಾಯಿತಿ 2024ರ ಆಗಸ್ಟ್‌ನಲ್ಲಿ ಒಂದು ಠರಾವು ಮಾಡಿತು. ಊರಿನ ಮತದಾರರ ಯಾದಿಗೆ ಹೊಸದಾಗಿ ಮುಸ್ಲಿಮರ ಹೆಸರು ಸೇರಿಸಬಾರದು ಎಂಬುದು ಅದರ ಸಾರ. ಸುದ್ದಿ ಹೊರಬಿದ್ದು ಟೀಕೆ ಎದ್ದಾಗ ಸರಪಂಚರು ಕ್ಷಮೆ ಕೇಳಿದರು. ಹೊರದೇಶದಿಂದ ನುಸುಳಿ ಬಂದವರ ಬಗ್ಗೆ ಹೇಳಲು ಹೊರಟಿದ್ದೆವು, ಊರವರ ಬಗ್ಗೆ ಅಲ್ಲ ಎಂಬ ಸಮಜಾಯಿಷಿಯೂ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, ಜುಲೈ 14ರಂದು, ವಿಶಾಳಗಡದ ಅತಿಕ್ರಮಣ ತೆರವಿಗಾಗಿ ಸೇರಿದ ಗುಂಪಿನಲ್ಲಿದ್ದವರು ಕೋಟೆಯ ಕೆಳಗಿನ ಗಜಾಪುರದಲ್ಲಿ ಮಸೀದಿ ಮತ್ತು ಮನೆಗಳ ಮೇಲೆ ದಾಳಿ ಮಾಡಿದ್ದರು. ಅದಕ್ಕೂ ಒಂದು ವರ್ಷದ ಹಿಂದೆ, 2023ರ ಜೂನ್ 7ರಂದು, ಮೊಬೈಲ್ ಸ್ಟೇಟಸ್‌ಗಳ ಕಾರಣಕ್ಕೆ ಕೊಲ್ಹಾಪುರ ಬಂದ್ ಆಗಿ, ಲಾಠಿ ಪ್ರಹಾರ ನಡೆದು, ಇಂಟರ್‌ನೆಟ್ ನಿಂತಿತ್ತು.

ಈ ಮೂರು ಘಟನೆಗಳ ನಂತರ ಗಡಿ ಭಾಗದ ಚಹಾ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ಇವರು ಯಾವಾಗ ಬಂದರು? ಹೇಗೆ ಬೆಳೆದರು? ಮೊದಲು ನಮ್ಮಂತೆಯೇ ಇದ್ದವರು ಈಗೇಕೆ ಬೇರೆಯಾಗಿ ಕಾಣುತ್ತಾರೆ? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಮೂರನೆಯದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕಿದ್ದರೆ ಬ್ರಿಟಿಷರ ಕಾಲಕ್ಕೆ ಹೋಗಬೇಕು. ಆಗ ಇಸ್ಲಾಂ ಈ ಭಾಗದಲ್ಲಿ ತಲೆ ಎಣಿಕೆಯಲ್ಲಿ ಹರಡಿದ್ದಕ್ಕಿಂತ, ಈಗಾಗಲೇ ಮುಸ್ಲಿಮರಾಗಿದ್ದವರ ಮನೆಯೊಳಗೆ ಹರಡಿದ್ದೇ ಹೆಚ್ಚು.

ಊರಿನ ಲೆಕ್ಕದಲ್ಲಿ ಮುಲ್ಲಾ

ಗಡಹಿಂಗ್ಲಜ, ಚಂದಗಡ, ಕಾಗಲ, ಶಿರೋಳ ತಾಲ್ಲೂಕುಗಳಲ್ಲಿ ಮುಸ್ಲಿಂ ಮನೆತನಗಳ ಅಡ್ಡಹೆಸರು ಓದಿದರೆ ಸಾಕು, ಊರಿನ ಹಳೆಯ ಕಸುಬುಗಳ ಪಟ್ಟಿ ಕಣ್ಣಿಗೆ ಬರುತ್ತದೆ. ಅತ್ತಾರ, ಬಾಗವಾನ, ತಾಂಬೋಳಿ, ಪಿಂಜಾರ, ಶಿಕಲಗಾರ, ಮುಜಾವರ, ಜಮಾದಾರ, ಮುಲ್ಲಾ ಅಥವಾ ಮುಲಾಣಿ. ಇವುಗಳಲ್ಲಿ ಕೊನೆಯದು ವಿಶೇಷ. ದಖ್ಖನಿನ ಹಳ್ಳಿಗಳಲ್ಲಿ ಮುಲ್ಲಾ ಊರಿನ ಬಲುತೇದಾರರಲ್ಲಿ ಒಬ್ಬನಾಗಿದ್ದ. ಕನ್ನಡದಲ್ಲಿ ಹೇಳುವುದಾದರೆ ಆಯಗಾರ. ಬಡಿಗ, ಕಮ್ಮಾರ, ಕುಂಬಾರ, ನಾವಿಂದರಂತೆ ಅವನಿಗೂ ಸುಗ್ಗಿಯಲ್ಲಿ ಕಣದಿಂದ ಕಾಳು ಹೋಗುತ್ತಿತ್ತು. ಮರಾಠರ ಮನೆಯ ಜಾತ್ರೆಗೆ ಕುರಿ ಕಡಿಯಬೇಕಾದರೆ ಅವನೇ ಬರಬೇಕು. ಮಸೀದಿ ಗುಡಿಸಿ ದೀಪ ಹಚ್ಚುವುದು, ಮೊಹರಂನಲ್ಲಿ ಪಂಜಾ ಕೂಡಿಸುವುದು, ಸಕ್ಕರೆ ಓದಿಸಲು ಬಂದವರಿಗೆ ಫಾತೇಹಾ ಓದುವುದು ಅವನದೇ ಕೆಲಸ. ಗಡಹಿಂಗ್ಲಜ ಕಡೆಯ ಲಿಂಗಾಯತ ಓಣಿಗಳಲ್ಲಿ ಕುರಿಯ ಕೆಲಸ ಇರಲಿಲ್ಲ, ಆದರೆ ಸಕ್ಕರೆ ಓದಿಸುವವರಿಗೆ ಕೊರತೆಯೂ ಇರಲಿಲ್ಲ.

ಅಂದರೆ ಊರಿನ ಮಸೀದಿಯ ದೀಪಕ್ಕೆ ಎಣ್ಣೆ ಊರಿನ ಹೊಲದಿಂದ ಬರುತ್ತಿತ್ತು. ಆಯ ಕೊಡುವವರಲ್ಲಿ ಬಹುಪಾಲು ಮುಸ್ಲಿಮೇತರರೇ. ಶಿಂಗಣಾಪುರದ ಠರಾವು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು. ಆಯದ ಲೆಕ್ಕದಲ್ಲಿ ಪಾಲು ಇದ್ದವನನ್ನು ಊರಿಗೆ ಹೊಸಬ ಎನ್ನಲು ಬರುವುದಿಲ್ಲ.

ಇವರ ಪೂರ್ವಜರ ಇಸ್ಲಾಂ ಬಂದದ್ದು ಬಹುಮಟ್ಟಿಗೆ ವಿಜಾಪುರದ ಆದಿಲಶಾಹಿ ಕಾಲದಲ್ಲಿ. ಮೀರಜದ ಮೀರಾಸಾಹೇಬ ದರ್ಗಾದಂತಹ ಸ್ಥಳಗಳ ಸುತ್ತ ಅದು ಬೇರೂರಿತು. ವಿಜಾಪುರದ ಸೂಫಿಗಳ ಬಗ್ಗೆ ಅಧ್ಯಯನ ಮಾಡಿದ ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ಒಂದು ಮುಖ್ಯ ಅಂಶ ತೋರಿಸಿದ್ದಾರೆ. ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ದಖನಿ ಪದಗಳ ಮೂಲಕ ಸೂಫಿಗಳ ಮಾತು ಮನೆಯೊಳಗೆ ಹೋಯಿತು ಎಂಬುದು. ಮತಾಂತರ ಎಂದರೆ ಒಂದು ದಿನದ ಘಟನೆ ಅಲ್ಲ, ಹಲವು ತಲೆಮಾರುಗಳ ರೂಢಿ. ಧಾರವಾಡ ಸೀಮೆಯ ಶಿಶುನಾಳ ಶರೀಫರು (1819-1889) ಬದುಕಿದ್ದೂ ಅಂಥ ರೂಢಿಯಲ್ಲೇ. 2011ರ ಜನಗಣತಿಯ ಪ್ರಕಾರ ಕೊಲ್ಹಾಪುರ ಜಿಲ್ಲೆಯ 38.76 ಲಕ್ಷ ಜನರಲ್ಲಿ ಮುಸ್ಲಿಮರು ಶೇಕಡಾ 7ರ ಆಸುಪಾಸು. ರಾಜ್ಯದ ಸರಾಸರಿಗಿಂತ ಇದು ಕಡಿಮೆ.

ಉತ್ತರದಿಂದ ಬಂದ ಗಾಳಿ

1857ರ ದಂಗೆಯ ನಂತರ ಉತ್ತರ ಹಿಂದುಸ್ತಾನದಲ್ಲಿ ಮುಸ್ಲಿಂ ರಾಜ್ಯಾಧಿಕಾರ ಮುಗಿಯಿತು. ನವಾಬರ ಇನಾಮು ನಂಬಿ ಬದುಕಿದ್ದ ವಿದ್ವಾಂಸರ ಮುಂದೆ ಪ್ರಶ್ನೆ ಎದ್ದಿತು: ರಾಜನಿಲ್ಲದೆ ಧರ್ಮ ಉಳಿಸುವುದು ಹೇಗೆ? 1866ರಲ್ಲಿ ದೇವಬಂದದಲ್ಲಿ ಆರಂಭವಾದ ಮದ್ರಸಾ ಕೊಟ್ಟ ಉತ್ತರ ಸರಳವಾಗಿತ್ತು. ಸರ್ಕಾರದ ಹಣ ಬೇಡ, ಜಮೀನ್ದಾರನ ಖಾಯಂ ಉತ್ಪನ್ನವೂ ಬೇಡ, ಜನರ ಚಂದಾ ಸಾಕು. ಎರಡಾಣೆ, ನಾಲ್ಕಾಣೆ ಕೊಡುವ ಸಾಮಾನ್ಯ ಮುಸ್ಲಿಮನೇ ಧರ್ಮದ ಪೋಷಕನಾದ. ಹಣ ಕೊಟ್ಟವನಿಗೆ ಧರ್ಮ ತಿಳಿಯುವ ಹಕ್ಕೂ ಹೊಣೆಯೂ ಬಂತು. ದೇವಬಂದದ ವಿರುದ್ಧ ದರ್ಗಾ, ಉರುಸುಗಳ ಪರವಾಗಿ ನಿಂತ ಬರೇಲಿಯ ಅಹಮದ್ ರಜಾ ಖಾನ್ (1856-1921) ಅವರ ಪಂಥವೂ ಇದೇ ಅಚ್ಚುಕೂಟ, ಇದೇ ಮದ್ರಸಾ, ಇದೇ ಫತ್ವಾಗಳ ಬಲದಿಂದ ಬೆಳೆಯಿತು. ಅಲಿಗಡದಲ್ಲಿ ಸರ್ ಸೈಯದ್ ಅಹಮದ್ ಖಾನ್ 1875ರಲ್ಲಿ ಇಂಗ್ಲಿಷ್ ವಿದ್ಯೆಯ ದಾರಿ ತೆರೆದರು. ಮುಂಬಯಿಯ ಅಂಜುಮನ್-ಇ-ಇಸ್ಲಾಂ 1874ರಲ್ಲೇ ಹುಟ್ಟಿತ್ತು. 1920ರ ದಶಕದಲ್ಲಿ ಆರ್ಯ ಸಮಾಜದ ಶುದ್ಧಿ ಚಳವಳಿಯ ಬಿಸಿಯ ನಡುವೆ, ದಿಲ್ಲಿಯ ಹತ್ತಿರದ ಮೇವಾತದಲ್ಲಿ ಮೌಲಾನಾ ಇಲಿಯಾಸ್ ಅವರ ತಬ್ಲೀಗ್ ಆರಂಭವಾಯಿತು. ಅದರ ಗುರಿ ಅನ್ಯಮತೀಯರಲ್ಲ, ಹೆಸರಿಗಷ್ಟೇ ಮುಸ್ಲಿಮರಾದವರು.

ಇವೆಲ್ಲ ಕೃಷ್ಣಾ, ಹಿರಣ್ಯಕೇಶಿ ದಂಡೆಗೆ ಹೇಗೆ ತಲುಪಿದವು? ಮೀರಜದಿಂದ ಕೊಲ್ಹಾಪುರಕ್ಕೆ ರೈಲು ಬಂದದ್ದು 1891ರಲ್ಲಿ. (ಗಡಹಿಂಗ್ಲಜಕ್ಕೆ ಇನ್ನೂ ಬಂದಿಲ್ಲ, ಆ ಮಾತು ಬೇರೆ.) ರೈಲಿನ ಜೊತೆ ಅಂಚೆ, ಅಂಚೆಯ ಜೊತೆ ಉರ್ದು ಪುಸ್ತಕ. ಮುಂಬಯಿಯ ಗಿರಣಿಗೆ, ಬಂದರಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಅಲ್ಲಿ ಕೇಳಿದ ಪ್ರವಚನವನ್ನೂ ಹೊತ್ತು ತಂದರು. ಹಡಗಿನಲ್ಲಿ ಹಜ್‌ಗೆ ಹೋಗಿ ಬಂದವರ ಮಾತಿಗೆ ಊರಿನಲ್ಲಿ ತೂಕ ಬಂತು. ಅಶ್ರಫ್ ಅಲಿ ಥಾನವಿಯವರ ‘ಬಹಿಷ್ತಿ ಜೇವರ್’ 20ನೇ ಶತಮಾನದ ಆರಂಭದಲ್ಲಿ ಹೆಂಗಸರಿಗಾಗಿಯೇ ಬರೆದ ಪುಸ್ತಕ. ಸ್ನಾನದಿಂದ ಸಂಸಾರದ ತನಕ ಎಲ್ಲ ನಿಯಮ ಅದರಲ್ಲಿವೆ. ಬೀಸುವ ಕಲ್ಲಿನ ಪದ ಕಲಿಸಿದ ಧರ್ಮಕ್ಕೂ ಅಚ್ಚಾದ ಪುಸ್ತಕ ಕಲಿಸುವ ಧರ್ಮಕ್ಕೂ ಇರುವ ಅಂತರ ಚಿಕ್ಕದಲ್ಲ. ಪದ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ. ಪುಸ್ತಕ ಅಜ್ಜಿಯದು ತಪ್ಪು ಎನ್ನುತ್ತದೆ.

ಹೊಡೆತ ಬಿದ್ದದ್ದು ಮೊದಲಿಗೆ ಮೊಹರಂ ಮೇಲೆ. ಅಲಾಯಿ ಕುಣಿ, ಪಂಜಾ, ಡೋಲಿ, ಹೆಜ್ಜೆ ಕುಣಿತ, ಕನ್ನಡದ ರಿವಾಯತ್ ಪದ, ಹರಕೆ ಹೊತ್ತು ಫಕೀರರಾಗುವ ಲಿಂಗಾಯತ ಮತ್ತು ಮರಾಠಾ ಹುಡುಗರು, ಚೊಂಗೆ ಮತ್ತು ಮಾಲಿದಿ. ದೇವಬಂದಿಗಳು ಇದನ್ನು ಒಪ್ಪಲಿಲ್ಲ. ಉರುಸು ಒಪ್ಪಿದ ಬರೇಲಿಯ ವಿದ್ವಾಂಸರು ಕೂಡ ತಾಜಿಯಾ ಮೆರವಣಿಗೆಯನ್ನು ಒಪ್ಪಲಿಲ್ಲ. ಮುಲ್ಲಾ ಇಕ್ಕಟ್ಟಿಗೆ ಸಿಕ್ಕಿದ. ಪಂಜಾ ಕೂಡಿಸದಿದ್ದರೆ ಊರವರು ಕೇಳುತ್ತಾರೆ, ಕೂಡಿಸಿದರೆ ಮೌಲವಿ ಕೇಳುತ್ತಾನೆ.

ಸುಧಾರಕರ ಪರವಾಗಿಯೂ ಹೇಳಬೇಕಾದದ್ದು ಇದೆ. ಓದು ಬರಹ ಕಲಿಸಿದರು, ಕುಡಿತ ಬಿಡಿಸಿದರು, ಸಾಲ ಮಾಡಿ ಮಾಡುವ ಮದುವೆ ಖರ್ಚನ್ನು ಖಂಡಿಸಿದರು. ಊರ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲಿಲ್ಲದ ಕಡೆ, ಶರೀಯತ್ ಪ್ರಕಾರ ಪಾಲಿದೆ ಎಂದು ವಾದಿಸಿದರು. ಆ ವಾದದ ಫಲವೇ 1937ರ ಶರೀಯತ್ ಅನ್ವಯ ಕಾಯ್ದೆ. ಆದರೆ ಕೃಷಿ ಭೂಮಿಯನ್ನು ಆ ಕಾಯ್ದೆಯಿಂದ ಹೊರಗಿಡಲಾಯಿತು. ಹೊಲವೇ ಆಸ್ತಿಯಾದ ಹಳ್ಳಿಯ ಹೆಣ್ಣುಮಗಳಿಗೆ ಇದರಿಂದ ಸಿಕ್ಕಿದ್ದೇನು ಎಂದು ಯಾರೂ ಕೇಳಲಿಲ್ಲ. ಅದೂ ಬ್ರಿಟಿಷ್ ಹಿಂದುಸ್ತಾನದ ಮಾತು. ಕೊಲ್ಹಾಪುರ ಆಗ ಸಂಸ್ಥಾನ.

ಗದಗದಲ್ಲಿ ನಡೆದ ಪ್ರಯೋಗ

ಸುಧಾರಣೆಯ ಹೆಸರಿನಲ್ಲಿ ಬೇರೆಯವರನ್ನು ಇಸ್ಲಾಮಿಗೆ ಕರೆಯುವ ಪ್ರಯತ್ನ ಕನ್ನಡ ನಾಡಿನಲ್ಲಿ ನಡೆಯಲೇ ಇಲ್ಲವೇ? ನಡೆಯಿತು. 1924ರಲ್ಲಿ ಗದಗದಲ್ಲಿ ಸಿದ್ದೀಕ್ ಹುಸೇನ್ ಎಂಬವರು ತಾವೇ ಚನ್ನಬಸವೇಶ್ವರರ ಅವತಾರ ಎಂದು ಸಾರಿ ದೀನದಾರ್ ಅಂಜುಮನ್ ಸ್ಥಾಪಿಸಿದರು. ಲಿಂಗಾಯತರ ಕಾಲಜ್ಞಾನದ ಮಾತುಗಳನ್ನೇ ಹಿಡಿದು, ಲಿಂಗಾಯತರನ್ನು ಇಸ್ಲಾಮಿನತ್ತ ಸೆಳೆಯುವುದು ಅವರ ಹಂಚಿಕೆ. ಅಹಮದಿಯಾ ಪಂಥದ ಪ್ರಭಾವ ಅವರ ಮೇಲಿತ್ತು. ಕೇಂದ್ರ ನಂತರ ಹೈದರಾಬಾದಿಗೆ ಹೋಯಿತು. ಲಿಂಗಾಯತರು ಇದನ್ನು ಅಪಚಾರ ಎಂದರು, ಸುನ್ನಿ ಉಲೇಮಾಗಳು ಇದು ಇಸ್ಲಾಮೇ ಅಲ್ಲ ಎಂದರು. ಹಿಂದೆ ಬಂದವರು ಕೆಲವೇ ಜನ. 2000ನೇ ಇಸವಿಯಲ್ಲಿ ಕರ್ನಾಟಕ, ಆಂಧ್ರ, ಗೋವಾಗಳ ಚರ್ಚ್‌ಗಳಲ್ಲಿ ನಡೆದ ಸ್ಫೋಟಗಳ ತನಿಖೆಯಲ್ಲಿ ಈ ಸಂಘಟನೆಯ ಹೆಸರು ಬಂದು, 2001ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು.

ಲಿಂಗಾಯತರು ಗಣನೀಯ ಸಂಖ್ಯೆಯಲ್ಲಿರುವ ಗಡಹಿಂಗ್ಲಜ ಭಾಗಕ್ಕೆ ಈ ಉದಾಹರಣೆ ಮುಖ್ಯ. ಶರೀಫರು ಎರಡು ಧರ್ಮಗಳ ಮಾತನ್ನು ಬೆರೆಸಿ ಹಾಡಿದಾಗ ಜನ ಕೂತು ಕೇಳಿದರು. ಅದೇ ಬೆರಕೆಯನ್ನು ಮತಾಂತರದ ಸಾಧನ ಮಾಡಿಕೊಂಡಾಗ ಎರಡೂ ಕಡೆಯವರು ಬಾಗಿಲು ಹಾಕಿದರು.

ಶಾಹೂ ಮಹಾರಾಜರ ಮೂರನೇ ದಾರಿ

ಒಂದು ಕಡೆ ಊರಿನ ಆಯ, ಇನ್ನೊಂದು ಕಡೆ ಮೌಲವಿಯ ಚಂದಾ. ಕೊಲ್ಹಾಪುರದಲ್ಲಿ ಮಾತ್ರ ಮೂರನೆಯದೊಂದು ದಾರಿ ತೆರೆಯಿತು. ಅದನ್ನು ತೆರೆದವರು ಮುಸ್ಲಿಮರಲ್ಲ.

1894ರಲ್ಲಿ ಅಧಿಕಾರಕ್ಕೆ ಬಂದ ಶಾಹೂ ಛತ್ರಪತಿಗಳು 1901ರಿಂದ ಕೊಲ್ಹಾಪುರದಲ್ಲಿ ಒಂದೊಂದೇ ಸಮಾಜಕ್ಕೆ ವಸತಿಗೃಹ ಕಟ್ಟಿಸಲು ನೆರವಾದರು. ಮರಾಠರದು, ಜೈನರದು, ಲಿಂಗಾಯತರದು, ಅಸ್ಪೃಶ್ಯರದು. ಗಡಹಿಂಗ್ಲಜ ಕಡೆಯ ಎಷ್ಟೋ ಕನ್ನಡ ಮನೆಗಳ ಮೊದಲ ಮ್ಯಾಟ್ರಿಕ್ ಪಾಸಾದವನು ಇಂಥ ಒಂದು ಬೋರ್ಡಿಂಗ್‌ನ ಅನ್ನ ಉಂಡವನು. 1902ರ ಜುಲೈ 26ರ ಪ್ರಸಿದ್ಧ ಆಜ್ಞೆಯಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧ ಭಾಗವನ್ನು ಹಿಂದುಳಿದವರಿಗೆ ಮೀಸಲಿಟ್ಟಾಗ, ಹಿಂದುಳಿದವರು ಎಂದರೆ ಬ್ರಾಹ್ಮಣ, ಪ್ರಭು, ಶೇಣವಿ, ಪಾರ್ಸಿ ಮತ್ತಿತರ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಎಂದಿತ್ತು. ಮುಸ್ಲಿಮರು ಅದರೊಳಗೆ ಸಹಜವಾಗಿಯೇ ಸೇರಿದರು. ಅವರಿಗೆ ಪ್ರತ್ಯೇಕ ಕಲಮು ಬೇಕಾಗಲಿಲ್ಲ.

ಮುಸ್ಲಿಂ ಹುಡುಗರನ್ನು ಮೊದಲು ಮರಾಠಾ ಬೋರ್ಡಿಂಗ್‌ನಲ್ಲೇ ಇರಿಸಲಾಯಿತು. ಸ್ವಂತ ಸಂಸ್ಥೆ ಕಟ್ಟಿಕೊಳ್ಳಿ ಎಂದು ಮಹಾರಾಜರು ಮುಸ್ಲಿಂ ಪ್ರಮುಖರಿಗೆ ಹೇಳಿದರೂ ಕೆಲಸ ಮುಂದೆ ಸಾಗಲಿಲ್ಲ. ಕೊನೆಗೆ 1906ರಲ್ಲಿ ಸಭೆ ಕರೆದು ಕಿಂಗ್ ಎಡ್ವರ್ಡ್ ಮೊಹಮೆಡನ್ ಎಜ್ಯುಕೇಶನ್ ಸೊಸೈಟಿ ಸ್ಥಾಪಿಸಿ ತಾವೇ ಅಧ್ಯಕ್ಷರಾದರು. ದಸರಾ ಚೌಕಿನಲ್ಲಿ ಮುಸ್ಲಿಂ ಬೋರ್ಡಿಂಗ್‌ಗೆ ಜಾಗ ಕೊಟ್ಟರು. ಹೆಚ್ಚು ಯೋಚಿಸಬೇಕಾದ ಸಂಗತಿ ಮುಂದಿದೆ. ಸಂಸ್ಥಾನದ ಕೆಲವು ದರ್ಗಾಗಳ ಉತ್ಪನ್ನವನ್ನು ಈ ಸೊಸೈಟಿಗೆ ಜೋಡಿಸಿದರು. ಅಂದರೆ ದರ್ಗಾ ಬೇಡ ಎನ್ನಲಿಲ್ಲ, ಉರುಸು ನಿಲ್ಲಿಸಲಿಲ್ಲ, ಮುಜಾವರನನ್ನು ಅಟ್ಟಲಿಲ್ಲ. ದೀಪದ ಎಣ್ಣೆಗೆ ಬಿಟ್ಟ ಹೊಲದ ಹಣದಿಂದ ಹುಡುಗರಿಗೆ ಅನ್ನ ಹಾಕಿ ಓದಿಸಿದರು. ದೇವಬಂದ ದರ್ಗಾದ ಭಕ್ತಿಯನ್ನು ತಿದ್ದಲು ಹೊರಟಿತ್ತು. ಕೊಲ್ಹಾಪುರ ದರ್ಗಾದ ಜಮಾಖರ್ಚನ್ನು ತಿದ್ದಿತು.

ಕುರಾನನ್ನು ಮರಾಠಿಗೆ ತರಿಸುವ ಕೆಲಸಕ್ಕೂ ಮಹಾರಾಜರು ಹಣ ಕೊಟ್ಟಿದ್ದರು. 1922ರ ಮೇ 6ರಂದು ಅವರು ತೀರಿಕೊಂಡರು. ಅಷ್ಟರಲ್ಲಿ ಆ ಪುಸ್ತಕ ಜನರ ಕೈಗೆ ಬಂದಿರಲಿಲ್ಲ. ಕನ್ನಡದಲ್ಲಿ ಕುರಾನ್ ಅನುವಾದ ಓದಲೂ ಬಹಳ ಕಾಲ ಕಾಯಬೇಕಾಯಿತು. ಈ ಅಂತರದಲ್ಲೇ ಉರ್ದು ಗಟ್ಟಿಯಾಗಿ ಬೇರೂರಿತು. ಧರ್ಮ ತಿಳಿಯಬೇಕಿದ್ದರೆ ಉರ್ದು ಬೇಕು ಎಂಬ ನಂಬಿಕೆಗೆ ಬೇರೇನೂ ಕಾರಣ ಬೇಕಿಲ್ಲ. ಊರಿನ ಭಾಷೆಯಲ್ಲಿ ಪುಸ್ತಕ ಸಿಗುವುದು ಕಷ್ಟವಿತ್ತು.

ಮಹಾರಾಜರ ದಾರಿಗೆ ಮಿತಿ ಇರಲಿಲ್ಲ ಎಂದೇನೂ ಅಲ್ಲ. ಅದು ಒಬ್ಬ ಅರಸನ ಇಚ್ಛೆಯನ್ನು ನಂಬಿತ್ತು. ಅರಸನ ಸೊಸೈಟಿಯಲ್ಲಿ ಓದಿದ ಹುಡುಗ ವಕೀಲನಾದ, ಕಾರಕೂನನಾದ. ಅವನು ಊರಿಗೆ ಮರಳಿ ಮಸೀದಿಯಲ್ಲಿ ಕೂತು ಮಕ್ಕಳಿಗೆ ಕಲಿಸಲಿಲ್ಲ. ಆ ಜಾಗ ಖಾಲಿಯೇ ಉಳಿಯಿತು.

ಇಚಲಕರಂಜಿಯ ಮಗ್ಗ

ಆ ಖಾಲಿ ಜಾಗ ತುಂಬಿದ ಬಗೆ ಇಚಲಕರಂಜಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಘೋರ್ಪಡೆ ಜಹಗೀರದಾರರ ಈ ಊರಿಗೆ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಪವರ್‌ಲೂಮ್ ತಂದರು. 2022ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಮಗ್ಗ ಹೆಚ್ಚಿದಂತೆ ಉತ್ತರಪ್ರದೇಶ, ಬಿಹಾರಗಳಿಂದ ಕೂಲಿಕಾರರು ಬಂದರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಎರಡು ಪಾಳಿ ದುಡಿಯುವ ಕೂಲಿಕಾರನಿಗೆ ಇಲ್ಲಿ ಊರಿನ ಆಯವೂ ಇಲ್ಲ, ಕಣವೂ ಇಲ್ಲ, ತನ್ನದೆನ್ನುವ ಪಂಜಾವೂ ಇಲ್ಲ. ಅವನ ಮಸೀದಿ ಚಂದಾದ ಮಸೀದಿ. ಪ್ರವಚನ ಅವನಿಗೆ ತಿಳಿಯುವ ಉರ್ದುವಿನಲ್ಲೇ ಆಗಬೇಕು. ಪಕ್ಕದಲ್ಲಿ ಕೂತ ಸ್ಥಳೀಯ ಬಾಗವಾನನ ಮಗನೂ ಅದನ್ನೇ ಕೇಳುತ್ತಾನೆ.

ಹಳ್ಳಿಗಳಲ್ಲಿ ಅದೇ ಬದಲಾವಣೆ ಕಾನೂನಿನ ಮೂಲಕ ಬಂತು. 1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1950ರ ದಶಕದಲ್ಲಿ ವತನಗಳು, ಇನಾಮುಗಳು ಒಂದೊಂದಾಗಿ ರದ್ದಾದವು. ಕೆಳಗಿನ ಗ್ರಾಮ ವತನಗಳನ್ನು ರದ್ದುಪಡಿಸುವ ಕಾಯ್ದೆ 1958ರದು. ಆಯವೂ ನಗದು ಕೂಲಿಯ ಮುಂದೆ ಸೋತಿತು. ಇದು ಆಗಬೇಕಾದದ್ದೇ. ಆಯದ ಪದ್ಧತಿಯಲ್ಲಿ ಜಾತಿಯ ಬಿಟ್ಟಿ ಚಾಕರಿ ಎಷ್ಟಿತ್ತು ಎಂಬುದನ್ನು ಮಹಾರರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಅದರ ಒಂದು ಪರಿಣಾಮವನ್ನು ಯಾರೂ ಎಣಿಸಿರಲಿಲ್ಲ. ಊರಿಗೆ ಉತ್ತರ ಹೇಳಬೇಕಾಗಿದ್ದ ಮುಲ್ಲಾನ ಜಾಗದಲ್ಲಿ ಜಮಾತಿಗೆ ಮಾತ್ರ ಉತ್ತರ ಹೇಳಬೇಕಾದ ಇಮಾಮ ಬಂದ. ದೇವಬಂದದವರು ತತ್ವಕ್ಕಾಗಿ ಆರಿಸಿಕೊಂಡ ಚಂದಾ ಪದ್ಧತಿ ಇಲ್ಲಿ ಅನಿವಾರ್ಯವಾಗಿ ಬಂತು.

ಮೊದಲು ನಮ್ಮಂತಿದ್ದವರು ಈಗೇಕೆ ಬೇರೆ ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇಲ್ಲಿದೆ. ಊರು ಮಸೀದಿಗೆ ಕಾಳು ಕೊಡುವುದು ನಿಂತಿತು. ಮಸೀದಿ ಊರಿನ ಮಾತು ಕೇಳುವುದೂ ಕಡಿಮೆಯಾಯಿತು. ಇದರಲ್ಲಿ ಒಳಸಂಚು ಹುಡುಕುವವರಿಗೆ ನಿರಾಶೆಯಾದೀತು.

ಎರಡೂ ಕಡೆಯಿಂದ ಪೆಟ್ಟು

ಈಗ ದರ್ಗಾದ ಸ್ಥಿತಿ ನೋಡಿ. ಒಳಗಿನ ಕಟ್ಟುನಿಟ್ಟಿನ ಸುಧಾರಕ ಅದನ್ನು ಶಿರ್ಕ್, ಅಂದರೆ ದೇವರಿಗೆ ಇನ್ನೊಬ್ಬನನ್ನು ಸಮ ಮಾಡುವ ಪಾಪ ಎನ್ನುತ್ತಾನೆ. ಹೊರಗಿನ ಆಂದೋಲನಕಾರ ಅದನ್ನು ಅತಿಕ್ರಮಣ ಎನ್ನುತ್ತಾನೆ. ವಿಶಾಳಗಡದ ಮಲಿಕ್ ರೆಹಾನ್ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಹಿಂದೂಗಳು ಮೊದಲಿನಿಂದಲೂ ಇದ್ದಾರೆ. 2024ರ ಗಲಾಟೆಯಲ್ಲಿ ಅವರ ಅಭಿಪ್ರಾಯ ಕೇಳಿದವರು ಯಾರು? ಕೋಟೆಯ ಮೇಲೆ ನಿಯಮ ಮೀರಿದ ಕಟ್ಟಡಗಳಿದ್ದರೆ ಅದಕ್ಕೆ ಪುರಾತತ್ವ ಇಲಾಖೆ ಇದೆ, ನ್ಯಾಯಾಲಯ ಇದೆ. ಗಜಾಪುರದ ಮನೆಗಳು ಕೋಟೆಯ ಮೇಲೆ ಇರಲಿಲ್ಲ.

ಹಾಗೆಂದು ಹಳೆಯದೆಲ್ಲ ಅಳಿದುಹೋಗಿಲ್ಲ. ಕೊಲ್ಹಾಪುರದ ಬಾಬುಜಮಾಲ ದರ್ಗಾದ ಪ್ರವೇಶದ್ವಾರದಲ್ಲಿ ಗಣಪತಿ ಇದ್ದಾನೆ. ಶಿರೋಳ ತಾಲ್ಲೂಕಿನ ಕುರುಂದವಾಡದಲ್ಲಿ 2018ರಿಂದ ಮೂರು ವರ್ಷ ಗಣೇಶ ಚತುರ್ಥಿ ಮತ್ತು ಮೊಹರಂ ಕೂಡಿ ಬಂದಾಗ, ಅಲ್ಲಿನ ಮಸೀದಿಗಳಲ್ಲಿ ಪಂಜಾದ ಹತ್ತಿರವೇ ಗಣೇಶನನ್ನು ಕೂಡಿಸುವ ಹಳೆಯ ರೂಢಿ ಮತ್ತೆ ಸುದ್ದಿಯಾಯಿತು. ಚಂದಾದ ಕಾಲದಲ್ಲೂ ಇದು ಉಳಿದದ್ದು ಎರಡೂ ಸಮಾಜದ ತರುಣ ಮಂಡಳಿಗಳು ಒಂದೇ ಓಣಿಯಲ್ಲಿ ವರ್ಗಣಿ ಎತ್ತುವುದರಿಂದ. ಹಬ್ಬಗಳು ಹಾಗೆ ಮತ್ತೆ ಕೂಡಿ ಬರಲು 2050ರ ದಶಕದ ಆರಂಭದವರೆಗೆ ಕಾಯಬೇಕು.

ಸುಧಾರಣೆಯ ಕೊಲ್ಹಾಪುರ ದಾರಿಗೂ ಮುಂದುವರಿಕೆ ಇತ್ತು. ಚಿಪಳೂಣ ಹತ್ತಿರದ ಮಿರಜೋಳಿಯ ಹಮೀದ ದಳವಾಯಿ 1970ರ ಮಾರ್ಚ್ 22ರಂದು ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳ ಸ್ಥಾಪಿಸಿದಾಗ ಹೆಸರನ್ನು ಜ್ಯೋತಿರಾವ ಫುಲೆಯವರ 1873ರ ಸಮಾಜದಿಂದ ಪಡೆದರು. ಅದೇ ಸತ್ಯಶೋಧಕ ಚಳವಳಿಗೆ ಕೊಲ್ಹಾಪುರದಲ್ಲಿ ಆಸರೆ ಕೊಟ್ಟವರು ಶಾಹೂ. ಬಾಯಿಮಾತಿನ ತಲಾಖ್ ನಿಲ್ಲಬೇಕು, ಮಕ್ಕಳು ಪ್ರಾದೇಶಿಕ ಭಾಷೆಯಲ್ಲಿ ಓದಬೇಕು ಎಂಬುದು ದಳವಾಯಿಯವರ ಹಟ. 1977ರಲ್ಲಿ 44ನೇ ವಯಸ್ಸಿಗೆ ಅವರು ತೀರಿಕೊಂಡರು. ತ್ರಿವಳಿ ತಲಾಖ್ ಅಸಿಂಧು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಆದರೆ ದಳವಾಯಿಯವರಿಗೆ ಮಸೀದಿಯೊಳಗೆ ಜಾಗ ಸಿಗಲಿಲ್ಲ. ಅವರು ಹೊರಗೆ ನಿಂತು ಮಾತಾಡಿದರು, ಮೌಲವಿ ಒಳಗೆ ಕೂತು ಕಲಿಸಿದ.

ಭಾಷೆಯ ಪ್ರಶ್ನೆ ಮಾತ್ರ ಇನ್ನೂ ಜೀವಂತವಾಗಿದೆ. ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಹಳ್ಳಿಯ ಮುಸ್ಲಿಂ ಹುಡುಗ ಮನೆಯಲ್ಲಿ ದಖನಿ ಆಡುತ್ತಾನೆ, ಹೊಲದಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮಾಜು ಅರಬ್ಬಿಯಲ್ಲಿ, ಶುಕ್ರವಾರದ ಪ್ರವಚನ ಉರ್ದುವಿನಲ್ಲಿ. ಗಡಿ ವಾದದಲ್ಲಿ ಕನ್ನಡದವರೂ ಮರಾಠಿಯವರೂ ಇವನನ್ನು ತಮ್ಮ ಲೆಕ್ಕಕ್ಕೆ ಹಿಡಿಯಲು ಬಂದದ್ದು ಕಡಿಮೆ. 2011ರ ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಮನೆ, ಗೊತ್ತಿರುವ ಬೇರೆ ಭಾಷೆಗಳಿಗೆ ಎರಡು ಮನೆ ಇದ್ದವು. ಮುಂದಿನ ಎಣಿಕೆ 2027ಕ್ಕೆ ಎಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಎಣಿಕೆಗೆ ಬರುವ ಮಾಸ್ತರರಿಗೆ ಮುಲ್ಲಾನ ಮೊಮ್ಮಗ ಮೊದಲ ಮನೆಯಲ್ಲಿ ಏನು ಬರೆಸುತ್ತಾನೆ, ಉಳಿದ ಎರಡರಲ್ಲಿ ಕನ್ನಡ ಇರುತ್ತದೆಯೇ ಎಂಬುದನ್ನು ಊರವರು ಈಗಲೇ ಅವನೊಂದಿಗೆ ಕೂತು ಮಾತಾಡಬಹುದು.